ಕಣ್ಣಾಸ್ಪತ್ರೆ ಗೋಡೆಗೆ ಯಾರ್ಯಾರ ಫೋಟೋ ಹಾಕ್ಬೇಕು? ಪೊರೆ ಆಪರೇಷನ್, ಲೇಸರ್ ಇತಿಹಾಸ ಗೊತ್ತಿರೋರು ದಯವಿಟ್ಟು ಹೇಳಿ

ವೇದಾವತಿ_ದಡ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಮ್ದು ಹಿರಿಯೂರು ಕಡೆ. ನಮ್ಮ ಯುವಕ ಸಂಘದಿಂದ ಪ್ರತಿ ವರ್ಷ ಅಕ್ಟೋಬರ್ ಎರಡನೇ ಗುರುವಾರ, ಅಂದ್ರೆ ವಿಶ್ವ ದೃಷ್ಟಿ ದಿನಕ್ಕೆ, ಕಣ್ಣಿನ ತಪಾಸಣೆ ಶಿಬಿರ ಇಡ್ತೀವಿ. ಈ ಸಲ ಇಲ್ಲಿನ ಸಣ್ಣ ಕಣ್ಣಾಸ್ಪತ್ರೆ ಡಾಕ್ಟ್ರು ಕರೆದು ಒಂದು ಕೆಲಸ ಕೊಟ್ಟಿದ್ದಾರೆ, ಪೇಷಂಟ್‌ಗಳು ಕಾಯೋ ಹಾಲ್‌ನಲ್ಲಿ ಒಂದು ಉದ್ದದ ಗೋಡೆ ಖಾಲಿ ಇದೆ, ಪೊರೆ ಆಪರೇಷನ್ನು ಮತ್ತೆ ಕನ್ನಡಕ ಬಿಡಿಸೋ ಲೇಸರ್ ಆಪರೇಷನ್ನು ಇವತ್ತು ಇಷ್ಟು ಸಲೀಸಾಗಿ ಆಗೋಕೆ ಯಾರು ಕಾರಣವೋ ಅವ್ರ ಫೋಟೋ ಹಾಕಿ, ಕೆಳಗೆ ನಾಲ್ಕು ಸಾಲು ಕನ್ನಡದಲ್ಲಿ ಬರೀರಿ, ಫ್ರೇಮ್ ಖರ್ಚು ನಂದು ಅಂತ.

ಜಾಗ ಇರೋದು ಆರು ಫ್ರೇಮ್‌ಗೆ. ನಾವು ಹುಡುಗ್ರು ಕೂತು ಮಾತಾಡಿದಾಗ ಮೊದ್ಲು ಬಂದ ಹೆಸರು ಸುಶ್ರುತ. ಆಮೇಲೆ ಡಾ. ಮೋದಿ ಅವ್ರದ್ದು, ಎಂ.ಸಿ. ಮೋದಿ, ನಮ್ಮ ಕಡೆ ವಯಸ್ಸಾದವ್ರಿಗೆ ಇವತ್ತಿಗೂ ಆ ಹೆಸ್ರು ನೆನಪಿದೆ. ಅಲ್ಲಿಂದ ಮುಂದಕ್ಕೆ ಯಾರ ಹೆಸ್ರೂ ಬರ್ಲಿಲ್ಲ. ಕಣ್ಣೊಳಗೆ ಲೆನ್ಸ್ ಇಡ್ತಾರಲ್ಲ, ಅದನ್ನ ಮೊದ್ಲು ಇಟ್ಟಿದ್ದು ಯಾರು? ಲೇಸರ್ ಯಾರದ್ದು? ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಇಂಗ್ಲಿಷಲ್ಲಿ ರಾಶಿ ಸಿಗುತ್ತೆ, ಒಂದೊಂದು ಕಡೆ ಒಂದೊಂದು ಹೆಸ್ರು, ಯಾರು ನಿಜವಾಗ್ಲೂ ದೊಡ್ಡ ಕೆಲಸ ಮಾಡಿದ್ರು, ಯಾರ ಹೆಸ್ರು ಸುಮ್ನೆ ಪ್ರಚಾರದಿಂದ ಬಂತು ಅಂತ ತಿಳಿಯೋದಿಲ್ಲ. ಕೆಲವ್ರು ರಾಜ್‌ಕುಮಾರ್, ಪುನೀತ್ ಅವ್ರ ಫೋಟೋನೂ ಹಾಕೋಣ ಅಂದ್ರು, ಅವ್ರು ಕಣ್ಣು ದಾನ ಮಾಡಿದ್ದಕ್ಕೆ. ಅದು ಇಲ್ಲಿಗೆ ಹೊಂದುತ್ತಾ?

ಡಾಕ್ಟ್ರು, ನರ್ಸ್, ಸ್ಟೂಡೆಂಟ್ಸ್ ಯಾರಾದ್ರೂ ಇದ್ರೆ ಹೇಳಿ. ಬರೀ ಹೆಸರು ಬೇಡ, ಅವ್ರು ಏನ್ ಮಾಡಿದ್ರು, ಅದ್ರಿಂದ ಪೇಷಂಟ್‌ಗೆ ಏನು ಬದಲಾಯ್ತು ಅಂತ ಹೇಳಿದ್ರೆ ನಾಲ್ಕು ಸಾಲು ಬರೆಯೋಕೆ ಅನುಕೂಲ.

---

ಬೆಳಕಿನ_ಕಿರಣ ಉತ್ತರ:

ಒಳ್ಳೆ ಕೆಲಸ ಸರ್. ನಾನು ಬೆಂಗ್ಳೂರಲ್ಲಿ ನೇತ್ರಶಾಸ್ತ್ರ ಪಿಜಿ ಮಾಡ್ತಿದೀನಿ. ನನ್ನ ಕೇಳಿದ್ರೆ ಮೊದಲನೇ ಫ್ರೇಮ್ ಹೆರಾಲ್ಡ್ ರಿಡ್ಲಿ ಅವ್ರದ್ದೇ ಆಗ್ಬೇಕು, ಯಾಕಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಪೊರೆ ಅಂದ್ರೆ ಹೊರಗಿಂದ ಬಂದು ಕೂರೋ ಪದರ ಅಲ್ಲ, ಕಣ್ಣೊಳಗಿನ ಲೆನ್ಸೇ ಮಬ್ಬಾಗೋದು. ಹಾಗಾಗಿ ಪೊರೆ ತೆಗೆಯೋದು ಅಂದ್ರೆ ಲೆನ್ಸೇ ತೆಗೆಯೋದು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಅನ್ನೋರು ಕಣ್ಣು ಕೊಯ್ದು ಲೆನ್ಸನ್ನ ಹೊರಗೆ ತೆಗೆಯೋ ಪದ್ಧತಿ ಶುರು ಮಾಡಿದ್ರು, ಅದಕ್ಕೂ ಮುಂಚೆ ಸಾವಿರಾರು ವರ್ಷ ಸುಶ್ರುತ ಸಂಹಿತೆಯಲ್ಲಿ ಇರೋ ಥರ ಶಲಾಕೆ ಅನ್ನೋ ಸೂಜಿಯಂಥ ಸಲಕರಣೆಯಿಂದ ಮಬ್ಬಾದ ಲೆನ್ಸನ್ನ ನೋಟದ ದಾರಿಯಿಂದ ಪಕ್ಕಕ್ಕೆ ತಳ್ತಿದ್ರು. ಎರಡರಲ್ಲೂ ಆಮೇಲೆ ನೋಟದ ದಾರಿಯಲ್ಲಿ ಲೆನ್ಸ್ ಇರ್ತಿರ್ಲಿಲ್ಲ. ಅದಕ್ಕೇ ಹಳೇ ಕಾಲದ ಅಜ್ಜ ಅಜ್ಜಿಯರಿಗೆ ಆಪರೇಷನ್ ಆದ್ಮೇಲೆ ಸೋಡಾ ಬಾಟ್ಲಿ ತಳದಂಥ ಕನ್ನಡಕ ಕೊಡ್ತಿದ್ದಿದ್ದು, +10 ಆಸುಪಾಸಿನ ಪವರ್. ಅದ್ರಲ್ಲಿ ಎಲ್ಲ ವಸ್ತುನೂ ನೂರಕ್ಕೆ 25-30ರಷ್ಟು ದೊಡ್ಡದಾಗಿ ಕಾಣುತ್ತೆ, ಪಕ್ಕದಿಂದ ಬರೋರು ಕಾಣೋದಿಲ್ಲ, ಇದ್ದಕ್ಕಿದ್ದ ಹಾಗೆ ಎದುರಿಗೆ ಪ್ರತ್ಯಕ್ಷ ಆಗ್ತಾರೆ. ಒಂದೇ ಕಣ್ಣಿಗೆ ಆಪರೇಷನ್ ಆಗಿದ್ರೆ ಇನ್ನೂ ಕಷ್ಟ, ಎರಡು ಕಣ್ಣಿಗೆ ಎರಡು ಅಳತೆ ಚಿತ್ರ, ಮಿದುಳು ಅದನ್ನ ಒಂದು ಮಾಡೋಕೆ ಆಗೋದಿಲ್ಲ.

ರಿಡ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ ಸರ್ಜನ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಪೈಲಟ್‌ಗಳ ಕಣ್ಣಲ್ಲಿ ವಿಮಾನದ ಮೇಲ್ಗವಸಿನ ಪ್ಲಾಸ್ಟಿಕ್ ಚೂರುಗಳು ಹೊಕ್ಕು ಕೂತಿದ್ವು, ಪರ್‌ಸ್ಪೆಕ್ಸ್ ಅನ್ನೋ ಪ್ಲಾಸ್ಟಿಕ್ಕು. ಅದು ವರ್ಷಗಟ್ಲೆ ಒಳಗಿದ್ರೂ ಕಣ್ಣು ಅದರ ವಿರುದ್ಧ ತಿರುಗಿ ಬೀಳ್ಲಿಲ್ಲ ಅನ್ನೋದನ್ನ ಅವ್ರು ಗಮನಿಸಿದ್ರು. ಆಮೇಲೆ ಒಬ್ಬ ವಿದ್ಯಾರ್ಥಿ ಪೊರೆ ಆಪರೇಷನ್ ನೋಡ್ತಾ ನಿಂತಿದ್ದೋನು, ತೆಗೆದ ಲೆನ್ಸ್ ಜಾಗಕ್ಕೆ ಬೇರೆ ಯಾಕೆ ಇಡೋದಿಲ್ಲ ಅಂತ ಕೇಳಿದ್ನಂತೆ. 1949ರ ನವೆಂಬರ್ 29ಕ್ಕೆ ರೇನರ್ ಕಂಪನಿಯಲ್ಲಿ ಅದೇ ಜಾತಿ ಪ್ಲಾಸ್ಟಿಕ್‌ನಿಂದ ಮಾಡಿಸಿದ ಲೆನ್ಸನ್ನ ಒಬ್ಬ ಮಹಿಳೆ ಕಣ್ಣಲ್ಲಿ ಇಟ್ರು.

ಈಗ ಕೇಳಿ, ಇದಾದ್ಮೇಲೆ ಅವ್ರನ್ನ ಯಾರೂ ಹೊತ್ತು ಮೆರೆಸ್ಲಿಲ್ಲ. ಸುಮಾರು ಒಂದೂವರೆ ವರ್ಷ ಅವ್ರೇ ಗುಟ್ಟಾಗಿ ಇಟ್ಕೊಂಡಿದ್ರು, ಇನ್ನಷ್ಟು ಪೇಷಂಟ್‌ಗಳ ಫಲಿತಾಂಶ ನೋಡಿ ಹೇಳೋಣ ಅಂತ, ಆದ್ರೆ ಒಬ್ಬ ಪೇಷಂಟ್ ಅದೇ ರಿಡ್ಲಿ ಅನ್ನೋ ಹೆಸರಿನ ಇನ್ನೊಬ್ಬ ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬಿಟ್ಟು ಸುದ್ದಿ ಹೊರಗೆ ಬಂತು. 1951ರಲ್ಲಿ ಆಕ್ಸ್‌ಫರ್ಡ್ ಸಮ್ಮೇಳನದಲ್ಲಿ ಪೇಷಂಟ್‌ಗಳನ್ನೇ ಕರ್ಕೊಂಡು ಹೋಗಿ ತೋರಿಸಿದ್ರು. ಆಗ ಬ್ರಿಟನ್ನಿನ ನೇತ್ರಶಾಸ್ತ್ರದಲ್ಲಿ ಅತಿ ದೊಡ್ಡ ಹೆಸರಾಗಿದ್ದ ಸರ್ ಸ್ಟೀವರ್ಟ್ ಡ್ಯೂಕ್ ಎಲ್ಡರ್ ಆ ಪೇಷಂಟ್‌ಗಳ ಕಣ್ಣು ನೋಡೋಕೂ ಒಪ್ಲಿಲ್ಲ. ಕಣ್ಣೊಳಗೆ ಸೇರಿದ ಹೊರಗಿನ ವಸ್ತುನ ತೆಗೆಯೋದು ನಮ್ಮ ಕೆಲಸ, ಇವ್ನು ಒಳಗೆ ಇಡ್ತಿದ್ದಾನಲ್ಲ ಅನ್ನೋದು ಆ ಕಾಲದವ್ರ ಆಕ್ಷೇಪ. ವಿರೋಧಕ್ಕೆ ಕಾರಣಗಳೂ ಇದ್ವು ಅನ್ನೋದನ್ನೂ ಹೇಳ್ಬೇಕು, ಮೊದಲ ಲೆನ್ಸ್‌ಗಳು ಭಾರ, ಕೆಲವು ಜಾರಿ ಬೀಳ್ತಿದ್ವು, ಕಣ್ಣು ಕೆಂಪಾಗಿ ಉರಿಯೂತ ಬರ್ತಿತ್ತು, ಮೊದಲ ಪೇಷಂಟ್‌ಗೆ ಪವರ್ ಲೆಕ್ಕ ಎಷ್ಟು ತಪ್ಪಿತ್ತು ಅಂದ್ರೆ ಅವ್ರಿಗೆ ದೊಡ್ಡ ಮೈನಸ್ ಕನ್ನಡಕ ಬೇಕಾಯ್ತು. ಮುಂದಿನ ಮೂವತ್ತು ವರ್ಷ ಬೇರೆ ಬೇರೆ ದೇಶದವ್ರು ಆಕಾರ ಬದಲಾಯಿಸಿ, ಹಗುರ ಮಾಡಿ, ಕಣ್ಣೊಳಗೆ ನಿಲ್ಲೋ ಹಾಗೆ ಮಾಡಿದ್ರು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 1981ರಲ್ಲಿ.

ರಿಡ್ಲಿ ಬ್ರಿಟನ್ನಿನ ದೊಡ್ಡ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಯ ಫೆಲೋ ಆಗಿದ್ದು 1986ರಲ್ಲಿ, ನಿವೃತ್ತಿ ಆಗಿ 15 ವರ್ಷ ಆದ್ಮೇಲೆ. ಸರ್ ಪದವಿ ಬಂದಿದ್ದು 2000ದಲ್ಲಿ, 93ನೇ ವಯಸ್ಸಲ್ಲಿ. ಮುಂದಿನ ವರ್ಷ ತೀರ್ಕೊಂಡ್ರು. ಅಷ್ಟರಲ್ಲಿ ಅವ್ರಿಗೇ ಎರಡೂ ಕಣ್ಣಿಗೆ ಪೊರೆ ಬಂದು, ಅದೇ ಸೇಂಟ್ ಥಾಮಸ್‌ನಲ್ಲಿ ಲೆನ್ಸ್ ಹಾಕಿಸ್ಕೊಂಡಿದ್ರು. ಇದನ್ನ ಓದಿದಾಗೆಲ್ಲ ನಂಗೆ ಮನಸ್ಸು ತುಂಬಿ ಬರುತ್ತೆ. ಬದುಕಿರೋವಾಗ್ಲೇ ಗೌರವ ಸಿಕ್ತಲ್ಲ ಅನ್ನೋ ಸಮಾಧಾನ ಒಂದು ಕಡೆ, ಅರ್ಧ ಶತಮಾನ ಯಾಕೆ ಬೇಕಾಯ್ತು ಅನ್ನೋ ಸಂಕಟ ಇನ್ನೊಂದು ಕಡೆ.

ರಾಜ್‌ಕುಮಾರ್, ಪುನೀತ್ ವಿಷ್ಯ: ಅವ್ರು ದಾನ ಮಾಡಿದ್ದರಲ್ಲಿ ಬಳಕೆ ಆಗೋದು ಕಾರ್ನಿಯಾ, ಕಣ್ಣಿನ ಮುಂದಿನ ಪಾರದರ್ಶಕ ಭಾಗ. ಪೊರೆ ಆಪರೇಷನ್‌ಗೆ ಯಾರ ಕಣ್ಣೂ ಬೇಕಾಗಿಲ್ಲ. ಎರಡನ್ನೂ ಒಂದೇ ಗೋಡೆಯಲ್ಲಿ ಹಾಕಿದ್ರೆ ಜನ ಗೊಂದಲ ಮಾಡ್ಕೊಳ್ತಾರೆ, ಈಗ್ಲೇ ಸುಮಾರು ಜನ ಪೊರೆ ಅಂದ್ರೆ ಕಣ್ಣು ಬದಲಾಯಿಸ್ತಾರೆ ಅಂದ್ಕೊಂಡು ಹೆದರಿ ಬರೋದಿಲ್ಲ. ಬೇರೆ ಗೋಡೆಗೆ ಖಂಡಿತ ಹಾಕಿ, ಆಗಸ್ಟ್ 25ರಿಂದ ಸೆಪ್ಟೆಂಬರ್ 8ರ ನೇತ್ರದಾನ ಪಾಕ್ಷಿಕಕ್ಕೆ ಸರಿಹೋಗುತ್ತೆ.

---

ಘಟಪ್ರಭಾ_ನೀರು ಉತ್ತರ:

ನಮಸ್ಕಾರ್ರಿ. ಬಾಗಲಕೋಟಿ ಜಿಲ್ಲಾದಾಂವ ನಾನು. ರಿಡ್ಲಿ ಸಾಹೇಬ್ರ ಬಗ್ಗೆ ತಂಗಿ ಬರದಿದ್ದು ಓದಿ ಭಾಳ ಖುಷಿ ಆತು. ಆದ್ರ ಮೋದಿ ಡಾಕ್ಟ್ರ ಬಗ್ಗೆ ಒಂದೇ ಸಾಲು ಬರದು ಮುಂದ ಹೋಗಬ್ಯಾಡ್ರಿ, ಅವರು ನಮ್ಮ ಬೀಳಗಿ ಮಣ್ಣಿನಾಗ ಹುಟ್ಟಿದವರು, ಮುರಿಗೆಪ್ಪ ಚನ್ನವೀರಪ್ಪ ಮೋದಿ, 1916ರಾಗ. ಆವಾಗ ಅದು ವಿಜಾಪುರ ಜಿಲ್ಲಾ.

ಆ ಕಾಲದಾಗ ಹಳ್ಳಿ ಮನುಷ್ಯಾಗ ಪೊರಿ ಬಂತಂದ್ರ ಅವನ ಬಾಳೇವು ಅಲ್ಲಿಗೇ ನಿಂತಂಗ. ಹೊಲಕ್ಕ ಹೋಗಾಕ ಆಗಂಗಿಲ್ಲ, ಮನಿ ಮೂಲ್ಯಾಗ ಕುಂದ್ರಬೇಕು, ಮೊಮ್ಮಗ ಕೋಲ ಹಿಡದು ಕರ್ಕೊಂಡ ಹೋಗಬೇಕು, ಆ ಮೊಮ್ಮಗನ ಸಾಲಿನೂ ತಪ್ಪತಿತ್ತು. ಕಣ್ಣಿನ ದವಾಖಾನಿ ಅಂದ್ರ ದೊಡ್ಡ ಶಹರದಾಗ, ಬೆಂಗಳೂರಾಗ ಮಿಂಟೋ ಇತ್ತು, 1896ರಿಂದ, ಆದ್ರ ಬೀಳಗಿಯಿಂದ ಬೆಂಗಳೂರಿಗೆ ಕುರುಡ ಮುದಕ ಹ್ಯಾಂಗ ಹೋಗ್ತಾನ್ರಿ? ರೊಕ್ಕ ಎಲ್ಲಿಂದ ತರ್ತಾನ? ಮೋದಿಯವರು ದವಾಖಾನಿನ ಅವನ ಊರಿಗೆ ಒಯ್ದ್ರು. ಸಾಲಿ ಕಟ್ಟಡ, ಛತ್ರ, ಗುಡಿ ಅಂಗಳ, ಸಿಕ್ಕ ಜಾಗಾದಾಗ ಶಿಬಿರ. ಊರವರೇ ಊಟಾ ಹಾಸಗಿ ವ್ಯವಸ್ಥಾ ಮಾಡ್ತಿದ್ರು, ಮೋದಿಯವರು ತಮ್ಮ ಸಿಬ್ಬಂದಿ ಕರ್ಕೊಂಡ ಬಂದು ಪುಕ್ಕಟ ಆಪರೇಷನ್ ಮಾಡ್ತಿದ್ರು. ಟೇಬಲ್ ಸಾಲಾಗಿ ಹಾಕಿ, ಒಬ್ಬರದು ಮುಗಿಯೂದ್ರಾಗ ಬಾಜೂಕಿನವರನ್ನ ತಯಾರ ಮಾಡಿ ಇಟ್ಟಿರ್ತಿದ್ರು, ಅವರ ಕೈ ನಿಲ್ಲತಿದ್ದಿಲ್ಲ. ತಿರುಪತಿಯೊಳಗ ಒಂದೇ ದಿನಾ 833 ಪೊರಿ ಆಪರೇಷನ್ ಮಾಡಿದ್ದು ಗಿನ್ನೆಸ್ ಪುಸ್ತಕದಾಗ ಐತಿ. ಒಟ್ಟ ಜೀವಮಾನದಾಗ 6 ಲಕ್ಷಕ್ಕಿಂತ ಜಾಸ್ತಿ ಅಂತ ಅದೇ ಪುಸ್ತಕ ಹೇಳ್ತದ. ಸರ್ಕಾರ 1956ಕ್ಕ ಪದ್ಮಶ್ರೀ ಕೊಟ್ಟಿತು, 1968ಕ್ಕ ಪದ್ಮಭೂಷಣ. 2005ರಾಗ ಹೋದ್ರು.

ಬೆಂಗಳೂರಾಗ ಮೋದಿ ಹಾಸ್ಪಿಟಲ್ ಅಂತ ಬಸ್ ಸ್ಟಾಪೇ ಐತಿ, ದಿನಾ ಸಾವಿರ ಮಂದಿ ಅಲ್ಲಿ ಇಳೀತಾರ. ಆ ಮೋದಿ ಯಾರು ಅಂತ ಅವರನ್ನ ಕೇಳಿ ನೋಡ್ರಿ. ಈಗಿನ ಹುಡುಗರಿಗೆ ಗೊತ್ತಿಲ್ಲ, ಅವರ ತಪ್ಪೂ ಅಲ್ಲ, ಯಾರೂ ಹೇಳಿಲ್ಲ. ಅದಕ್ಕ ನಿಮ್ಮ ಗ್ವಾಡಿ ಮ್ಯಾಲೆ ನಾಕ ಸಾಲ ಅಲ್ಲ, ಎಂಟ ಸಾಲ ಬರೀರಿ ಅಂತ ಕೈ ಮುಗದು ಕೇಳ್ತೀನಿ.

---

ಮಬ್ಬು_ಬೆಳಗು ಉತ್ತರ:

ಮೋದಿ ಅವ್ರ ಬಗ್ಗೆ ನಂಗೂ ಗೌರವ ಇದೆ, ಆದ್ರೆ ಒಂದು ಪ್ರಶ್ನೆ. ಒಂದೇ ದಿನಕ್ಕೆ 833 ಅನ್ನೋದನ್ನ ಇವತ್ತಿನ ಪೇಷಂಟ್ ಆಸ್ಪತ್ರೆ ಗೋಡೆ ಮೇಲೆ ಓದಿದ್ರೆ ಏನ್ ಅಂದ್ಕೊಳ್ತಾನೆ? ಆಪರೇಷನ್ ಅಂದ್ರೆ ಎಣಿಕೆ ಲೆಕ್ಕ ಅನ್ನಿಸೋದಿಲ್ವಾ? ಶಿಬಿರಗಳಲ್ಲಿ ಸೋಂಕು ಆಗಿ ಕಣ್ಣು ಕಳ್ಕೊಂಡ ಸುದ್ದಿಗಳನ್ನ ದೇಶದಲ್ಲಿ ಎಷ್ಟು ಸಲ ಓದಿದೀವಿ. ಶಾಲೆ ಕಟ್ಟಡದಲ್ಲಿ ಆಪರೇಷನ್ ಮಾಡೋದನ್ನ ಹೊಗಳಿ ಬರೆಯೋದು ಈಗ ಸರಿನಾ?

---

ನೇತ್ರ_ಸಹಾಯಕಿ ಉತ್ತರ:

@ಮಬ್ಬು_ಬೆಳಗು ನಿಮ್ಮ ಪ್ರಶ್ನೆ ನ್ಯಾಯವಾಗಿದೆ, ಅದಕ್ಕೆ ನಾನು ಉತ್ತರ ಕೊಡ್ತೀನಿ. ಸರ್ಕಾರಿ ಕೆಲಸದಲ್ಲಿ ಕಣ್ಣಿನ ವಿಭಾಗದಲ್ಲೇ ಇದ್ದು ರಿಟೈರ್ ಆದವಳು, ಶಿಬಿರದ ಕಾಲನೂ ನೋಡಿದೀನಿ, ಅದು ನಿಂತಿದ್ದನ್ನೂ ನೋಡಿದೀನಿ.

ಆ ಕಾಲದಲ್ಲಿ ಆಯ್ಕೆ ಇದ್ದಿದ್ದು ಒಳ್ಳೆ ಥಿಯೇಟರ್ರೋ ಶಾಲೆ ಕಟ್ಟಡವೋ ಅಂತ ಅಲ್ಲ ಸರ್, ಶಾಲೆ ಕಟ್ಟಡವೋ ಜೀವನಪೂರ್ತಿ ಕತ್ತಲೆಯೋ ಅಂತ. ಸರ್ಜನ್‌ಗಳು ಬೆರಳೆಣಿಕೆ, ಪೇಷಂಟ್‌ಗಳು ಲಕ್ಷಗಟ್ಟಲೆ. ಆಗಿನ ಆಪರೇಷನ್ನೂ ಬೇರೆ, ಲೆನ್ಸನ್ನ ಅದರ ಚೀಲದ ಸಮೇತ ಇಡಿಯಾಗಿ ಹೊರಗೆ ತೆಗೆಯೋದು, ಒಳಗೆ ಏನೂ ಇಡೋದಿರ್ಲಿಲ್ಲ, ಮೈಕ್ರೋಸ್ಕೋಪ್ ಬೇಕಾಗ್ತಿರ್ಲಿಲ್ಲ. ಪೇಷಂಟ್ ದಿನಗಟ್ಟಲೆ ಅಲ್ಲಾಡದೆ ಮಲಗ್ಬೇಕಿತ್ತು, ಕಣ್ಣಿಗೆ ಪಟ್ಟಿ, ಕೆಮ್ಮಬೇಡಿ ಮುಕ್ಕಬೇಡಿ ಅಂತ ನಾವು ಹೇಳ್ತಾನೇ ಇರ್ತಿದ್ವಿ. ಕಣ್ಣೊಳಗೆ ಲೆನ್ಸ್ ಇಡೋ ಪದ್ಧತಿ ಎಲ್ಲಾ ಕಡೆ ಬಂದ್ಮೇಲೆ ಮೈಕ್ರೋಸ್ಕೋಪು, ಸ್ಟೆರೈಲ್ ಥಿಯೇಟರ್ ಕಡ್ಡಾಯ ಆಯ್ತು, ಆವಾಗಿಂದ ಊರಲ್ಲಿ ಬರೀ ತಪಾಸಣೆ, ಆಪರೇಷನ್‌ಗೆ ವ್ಯಾನ್‌ನಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಅನ್ನೋ ಪದ್ಧತಿ ಬಂತು. ಇದು ಸರಿಯಾದ ಬದಲಾವಣೆ. ಹಾಗಾಗಿ ಮೋದಿಯವ್ರ ಫ್ರೇಮ್‌ನಲ್ಲಿ 833ಕ್ಕಿಂತ ಮೊದ್ಲು ಅವ್ರು ಆಪರೇಷನ್ನನ್ನ ಹಳ್ಳಿಗೆ ಒಯ್ದ್ರು ಅನ್ನೋದು ಬರ್ಲಿ, ಅಂಕಿ ಕೊನೇಲಿ ಬಂದ್ರೆ ಸಾಕು, ಈಗ ಶಿಬಿರದಲ್ಲಿ ತಪಾಸಣೆ ಮಾತ್ರ ಅಂತ ಒಂದು ಸಾಲು ಸೇರಿಸಿ.

ಇನ್ನೊಂದು ಹೆಸ್ರು ನನ್ ಕಡೆಯಿಂದ, ಮದುರೈನ ಗೋವಿಂದಪ್ಪ ವೆಂಕಟಸ್ವಾಮಿ. ಎಲ್ರೂ ಡಾಕ್ಟರ್ ವಿ ಅಂತಾರೆ. ಚಿಕ್ಕ ವಯಸ್ಸಲ್ಲೇ ಸಂಧಿವಾತ ಬಂದು ಕೈಬೆರಳು ಸೊಟ್ಟಗಾಗಿದ್ವು, ಆ ಬೆರಳಲ್ಲೇ ಕತ್ತಿ ಹಿಡಿಯೋದು ಕಲಿತು ಲಕ್ಷಕ್ಕಿಂತ ಹೆಚ್ಚು ಕಣ್ಣಿನ ಆಪರೇಷನ್ ಮಾಡಿದ್ರು. ಸರ್ಕಾರಿ ಕೆಲಸದಿಂದ ನಿವೃತ್ತಿ ಆದ್ಮೇಲೆ 1976ರಲ್ಲಿ 11 ಹಾಸಿಗೆ ಇಟ್ಕೊಂಡು ಅರವಿಂದ ಕಣ್ಣಾಸ್ಪತ್ರೆ ಶುರು ಮಾಡಿದ್ರು, ದುಡ್ಡಿರೋರು ಕೊಡೋ ಫೀಸಿಂದ ಇಲ್ಲದವ್ರಿಗೆ ಉಚಿತ. ಆದ್ರೆ ಲೆನ್ಸ್ ಹೊರದೇಶದಿಂದ ಬರ್ತಿತ್ತು, ಒಂದಕ್ಕೆ ನೂರು ಡಾಲರ್ ಹತ್ರ, ಅಂದ್ರೆ ಬಡವ್ರಿಗೆ ಮತ್ತೆ ದಪ್ಪ ಕನ್ನಡಕವೇ ಗತಿ. 1992ರಲ್ಲಿ ಮದುರೈಯಲ್ಲೇ ಆರೋಲ್ಯಾಬ್ ಕಟ್ಟಿ ಲೆನ್ಸ್ ಮಾಡೋಕೆ ಶುರು ಮಾಡಿದ್ರು, ಬೆಲೆ ಹತ್ತು ಡಾಲರ್ ಆಸುಪಾಸಿಗೆ ಇಳೀತು. ರಿಡ್ಲಿ ಲಂಡನ್ನಲ್ಲಿ ಇಟ್ಟ ಲೆನ್ಸ್ ನಮ್ಮ ಹಳ್ಳಿ ಅಜ್ಜಿ ಕಣ್ಣಿಗೆ ಬಂದಿದ್ದು ಆ ದಾರಿಯಲ್ಲಿ. ಕಂಡುಹಿಡಿದವ್ರಷ್ಟೇ ಕೈಗೆಟುಕೋ ಹಾಗೆ ಮಾಡಿದವ್ರನ್ನೂ ನೆನೀಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನೇಪಾಳದ ಸಂದುಕ್ ರುಯಿತ್ ಅವ್ರೂ ಅದೇ ಸಾಲಿನವ್ರು, ದುಬಾರಿ ಮಷೀನ್ ಇಲ್ದೆ ಹೊಲಿಗೆ ಇಲ್ದೆ ಸಣ್ಣ ಕೊಯ್ತದಲ್ಲಿ ಲೆನ್ಸ್ ಇಡೋ ಪದ್ಧತಿನ ಬೆಟ್ಟದ ಹಳ್ಳಿಗಳಿಗೆ ಒಯ್ದ್ರು, 2006ರಲ್ಲಿ ಮ್ಯಾಗ್ಸೆಸೆ, 2018ರಲ್ಲಿ ನಮ್ಮ ಸರ್ಕಾರದ ಪದ್ಮಶ್ರೀ.

---

ಹಡ್ಸನ್_ಕನ್ನಡಿಗ ಉತ್ತರ:

ಲೇಸರ್ ಬಗ್ಗೆ ಯಾರೂ ಬರೆದಿಲ್ಲ ಅಂತ ನಾನು ಬರೀತೀನಿ, ನಾನು ಡಾಕ್ಟರ್ ಅಲ್ಲ, ನ್ಯೂಯಾರ್ಕ್ ರಾಜ್ಯದಲ್ಲಿರೋ ಇಂಜಿನಿಯರ್. ನಾನಿರೋ ಕಡೆಯಿಂದ ಯಾರ್ಕ್‌ಟೌನ್ ಹೈಟ್ಸ್ ಹತ್ರ, ಅಲ್ಲಿ ಐಬಿಎಂ ಸಂಶೋಧನಾ ಕೇಂದ್ರ ಇದೆ. ಲೇಸರ್ ಕಣ್ಣಿನ ಆಪರೇಷನ್ನಿನ ಬೇರು ಇರೋದು ಅಲ್ಲಿ, ಮತ್ತೆ ಅದರಲ್ಲಿ ಮುಖ್ಯ ಪಾತ್ರ ಮದ್ರಾಸಲ್ಲಿ ಹುಟ್ಟಿ ಅಲ್ಲೇ ಓದಿದ ಕೆಮಿಸ್ಟ್ ರಂಗಸ್ವಾಮಿ ಶ್ರೀನಿವಾಸನ್ ಅವ್ರದ್ದು.

ಅವ್ರ ಕೆಲಸ ಕಣ್ಣಿಗೆ ಸಂಬಂಧಪಟ್ಟಿದ್ದೇ ಅಲ್ಲ. ಎಕ್ಸೈಮರ್ ಲೇಸರ್ ಅಂತ, 193 ನ್ಯಾನೋಮೀಟರಿನ ನೇರಳಾತೀತ ಬೆಳಕು, ಅದನ್ನ ಪ್ಲಾಸ್ಟಿಕ್ ಮೇಲೆ ಬಿಟ್ರೆ ಸುಡದೆ, ಕರಗದೆ, ಬಿದ್ದ ಜಾಗ ಅಷ್ಟೇ ಅಚ್ಚುಕಟ್ಟಾಗಿ ಎದ್ದು ಹೋಗ್ತಿತ್ತು. ಬೆಳಕಿನ ಶಕ್ತಿ ಅಣುಗಳ ಬಂಧಗಳನ್ನೇ ಮುರಿಯುತ್ತೆ, ಸುತ್ತ ಬಿಸಿ ಹರಡೋಕೆ ಸಮಯನೇ ಇರೋದಿಲ್ಲ. ಇದು ಜೀವಕೋಶದ ಮೇಲೂ ನಡೆಯುತ್ತಾ ಅಂತ ಶ್ರೀನಿವಾಸನ್, ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಮೂವರೂ ಯೋಚನೆ ಮಾಡ್ತಿದ್ರು. 1981ರ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ ಶ್ರೀನಿವಾಸನ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿ ತುಂಡು ಲ್ಯಾಬಿಗೆ ತಂದು ಅದರ ಮೇಲೆ ಲೇಸರ್ ಬಿಟ್ರು. ಸುಟ್ಟ ಗುರುತೇ ಇಲ್ದೆ ಗೆರೆ ಕೊರೀತು. ಆಮೇಲೆ ಮನುಷ್ಯನ ಒಂದು ಕೂದಲ ಎಳೆ ಮೇಲೆ ಸಾಲಾಗಿ ಕಚ್ಚು ಹಾಕಿದ ಫೋಟೋ ಪ್ರಸಿದ್ಧ ಆಯ್ತು, ನಿಮ್ಮ ಗೋಡೆಗೆ ಅದು ತುಂಬಾ ಚೆನ್ನಾಗಿರುತ್ತೆ, ಮಕ್ಕಳು ನಿಂತು ನೋಡ್ತಾರೆ.

1983ರಲ್ಲಿ ಕಣ್ಣಿನ ಸರ್ಜನ್ ಸ್ಟೀಫನ್ ಟ್ರೊಕೆಲ್ ಅವ್ರು ಶ್ರೀನಿವಾಸನ್ ಜೊತೆ ಸೇರಿ ಪ್ರಾಣಿಗಳ ಕಾರ್ನಿಯಾ ಮೇಲೆ ಮಾಡಿ ನೋಡಿದ್ರು. ಒಂದು ಸಲ ಮಿಂಚಿದ್ರೆ ಸುಮಾರು ಕಾಲು ಮೈಕ್ರಾನ್ ದಪ್ಪ ಮಾತ್ರ ಹೋಗುತ್ತೆ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಹಾಗಾಗಿ ಕಾರ್ನಿಯಾದ ಉಬ್ಬನ್ನ ಲೆಕ್ಕ ಹಾಕಿ ತಿದ್ದಬಹುದು. 1988ರಲ್ಲಿ ಅಮೆರಿಕದ ಮಾರ್ಗರೀಟ್ ಮೆಕ್‌ಡೊನಾಲ್ಡ್ ಅನ್ನೋ ಡಾಕ್ಟರ್ ನೋಟ ಚೆನ್ನಾಗಿದ್ದ ಕಣ್ಣಿನ ಮೇಲೆ ಮೊದಲ ಸಲ ಇದನ್ನ ಮಾಡಿದ್ರು. ಆ ಪೇಷಂಟ್ ಕ್ಯಾನ್ಸರ್‌ನಿಂದ ಕಣ್ಣನ್ನೇ ತೆಗೆಸ್ಬೇಕಾಗಿದ್ದ ಒಬ್ಬ ಹೆಂಗಸು, ಹೇಗೂ ಹೋಗೋ ಕಣ್ಣು, ಇದ್ರಿಂದ ಬೇರೆಯವ್ರಿಗೆ ಉಪಯೋಗ ಆಗ್ಲಿ ಅಂತ ತಾವಾಗೇ ಮುಂದೆ ಬಂದ್ರು. ಗೋಡೆ ಮೇಲೆ ಅವ್ರ ಬಗ್ಗೆನೂ ಒಂದು ಸಾಲು ಇರ್ಬೇಕು ಅಂತ ನನ್ನ ವಿನಂತಿ. ಕಾರ್ನಿಯಾ ಮೇಲ್ಪದರವನ್ನ ಮುಚ್ಚಳದ ಥರ ಎತ್ತಿ ಕೆಳಗೆ ಲೇಸರ್ ಹಾಯಿಸೋ ಲ್ಯಾಸಿಕ್ ಆಮೇಲೆ ಬಂತು, ಗ್ರೀಸಿನ ಕ್ರೀಟ್ ದ್ವೀಪದ ಪಲ್ಲಿಕಾರಿಸ್ ಅವ್ರ ಕೆಲಸ. ಆದ್ರೆ ಕಾರ್ನಿಯಾ ಆಕಾರ ಬದಲಾಯಿಸಿ ನಂಬರ್ ಕಳೀಬಹುದು ಅನ್ನೋ ಯೋಚನೆಯನ್ನ 1949ರಷ್ಟು ಹಿಂದೇನೇ ಹೊಸೆ ಬರಾಕೆರ್ ಮುಂದಿಟ್ಟಿದ್ರು, ಆಮೇಲೆ ಕೊಲಂಬಿಯಾದ ಬೊಗೊಟಾದಲ್ಲಿ ಕಾರ್ನಿಯಾ ಬಿಲ್ಲೆ ತೆಗೆದು, ಹೆಪ್ಪುಗಟ್ಟಿಸಿ, ಲೇತ್‌ನಲ್ಲಿ ಕಡೆದು ವಾಪಸ್ ಕೂರಿಸ್ತಿದ್ರು. ಊಹೆ ಮಾಡಿ!

ಶ್ರೀನಿವಾಸನ್, ವಿನ್, ಬ್ಲಮ್ ಮೂವರಿಗೂ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಅಧ್ಯಕ್ಷ ಒಬಾಮಾ ಕೈಯಿಂದ 2013ರಲ್ಲಿ ಸಿಕ್ತು. ಇಲ್ಲೂ ಮೂವತ್ತು ವರ್ಷ.

---

ಬೆಳಕಿನ_ಕಿರಣ ಉತ್ತರ:

ಹಡ್ಸನ್ ಸರ್ ಚೆನ್ನಾಗಿ ಬರೆದ್ರಿ. ಲೇಸರ್‌ಗೆ ಮುಂಚಿನದ್ದನ್ನ ನಾನು ಸೇರಿಸ್ತೀನಿ, ಯಾಕಂದ್ರೆ ಪಟ್ಟಿಯಲ್ಲಿ ಫ್ಯೋದರೋವ್ ಹೆಸರು ಬರ್ಬಹುದು. ಸೋವಿಯತ್ ಸರ್ಜನ್ ಸ್ವ್ಯಾತೊಸ್ಲಾವ್ ಫ್ಯೋದರೋವ್ 70ರ ದಶಕದಲ್ಲಿ ಕಾರ್ನಿಯಾ ಮೇಲೆ ಸೈಕಲ್ ಚಕ್ರದ ಕಡ್ಡಿಗಳ ಥರ ಬ್ಲೇಡಿಂದ ಗೆರೆ ಕೊಯ್ದು ಮೈನಸ್ ನಂಬರ್ ಕಳೆಯೋ ಆಪರೇಷನ್ ಪ್ರಸಿದ್ಧಿ ಮಾಡಿದ್ರು. ಮಾಸ್ಕೋದಲ್ಲಿ ಪೇಷಂಟ್‌ಗಳನ್ನ ಸಾಲಾಗಿ ಒಬ್ಬ ಸರ್ಜನ್‌ನಿಂದ ಇನ್ನೊಬ್ಬ ಸರ್ಜನ್ ಹತ್ರ ಸಾಗಿಸೋ ಏರ್ಪಾಡು ಮಾಡಿದ್ರು, ಒಬ್ಬೊಬ್ಬರು ಒಂದೊಂದು ಹಂತ. ಲಕ್ಷಾಂತರ ಜನ ಕನ್ನಡಕ ಬಿಟ್ರು. ಆದ್ರೆ ಅಮೆರಿಕದಲ್ಲಿ 10 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ನೂರಕ್ಕೆ 43 ಕಣ್ಣುಗಳು ಪ್ಲಸ್ ಕಡೆಗೆ ಒಂದು ಡಯಾಪ್ಟರ್ (ಕನ್ನಡಕದ ಪವರ್ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಜಾರಿದ್ವು. ಅದಕ್ಕೂ ಮುಂಚೆ ಜಪಾನಿನ ಸಾಟೋ ಕಾರ್ನಿಯಾ ಒಳಗಡೆಯಿಂದ ಕೊಯ್ದಿದ್ರು, ಎಷ್ಟೋ ವರ್ಷ ಆದ್ಮೇಲೆ ಆ ಕಾರ್ನಿಯಾಗಳು ಮಬ್ಬಾದ್ವು. ಇವ್ರೂ ದಾರಿ ಹುಡುಕಿದವ್ರೇ, ಗೌರವ ಇದೆ, ಆದ್ರೆ ಆರೇ ಫ್ರೇಮ್ ಅಂದ್ರೆ ನಾನು ಇವ್ರನ್ನ ಹಾಕೋದಿಲ್ಲ. ಪೇಷಂಟ್‌ಗೆ ಉಳಿದ ಪ್ರಯೋಜನ ಏನು ಅನ್ನೋದೇ ಅಳತೆ.

ಬಿಡಲೇಬಾರದ ಹೆಸರು ಚಾರ್ಲ್ಸ್ ಕೆಲ್ಮನ್. ನ್ಯೂಯಾರ್ಕಿನವ್ರು. ಪೊರೆ ಆಪರೇಷನ್‌ಗೆ ಕಣ್ಣಿನ ಅಂಚಲ್ಲಿ 10-12 ಮಿಲಿಮೀಟರ್ ಕೊಯ್ಬೇಕಾಗಿದ್ದ ಕಾಲ, ವಾರಗಟ್ಟಲೆ ಆಸ್ಪತ್ರೆ. ಹಲ್ಲಿನ ಡಾಕ್ಟ್ರ ಕುರ್ಚಿಯಲ್ಲಿ ಕೂತಿದ್ದಾಗ ಹಲ್ಲಿನ ಪಾಚಿ ತೆಗೆಯೋ ಅಲ್ಟ್ರಾಸೌಂಡ್ ಮಷೀನ್ ಕಂಪನ ನೋಡಿ ಇದನ್ನೇ ಲೆನ್ಸ್ ಒಡೆಯೋಕೆ ಬಳಸಿದ್ರೆ ಅಂತ ಹೊಳೀತು. 1967ರಲ್ಲಿ ಮನುಷ್ಯರ ಮೇಲೆ ಮೊದಲ ಫ್ಯಾಕೋ ಆಯ್ತು, ಕಣ್ಣೊಳಗೇ ಲೆನ್ಸ್ ಪುಡಿ ಮಾಡಿ ಹೀರಿ ತೆಗೆಯೋದು, ಕೊಯ್ತ 3 ಮಿಲಿಮೀಟರ್ ಹತ್ರಕ್ಕೆ ಬಂತು. ಆಮೇಲೆ ಮಡಚೋ ಲೆನ್ಸ್ ಬಂದ್ಮೇಲೆ ಆ ಸಣ್ಣ ತೂತಲ್ಲೇ ಲೆನ್ಸೂ ಒಳಗೆ ಹೋಗುತ್ತೆ, ಹೊಲಿಗೆ ಇಲ್ಲ, ಅವತ್ತೇ ಮನೆ. ಇವ್ರನ್ನೂ ಶುರುವಲ್ಲಿ ಸುಮಾರು ಜನ ನಂಬ್ಲಿಲ್ಲ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂತು, ವೈದ್ಯಕೀಯ ಸಂಶೋಧನೆಗೆ ಕೊಡೋ ಲಾಸ್ಕರ್ ಪ್ರಶಸ್ತಿ ಘೋಷಣೆ ಆಗಿದ್ದು 2004ರಲ್ಲಿ, ಅವ್ರು ತೀರ್ಕೊಂಡ ಕೆಲವೇ ತಿಂಗಳಿಗೆ.

ಇವ್ರ ಫ್ರೇಮ್ ಕೆಳಗೆ ಒಂದು ಉಪಯೋಗದ ಮಾತು ಬರೀಬಹುದು: ಪೊರೆ ಚೆನ್ನಾಗಿ ಬಲೀಲಿ ಆಮೇಲೆ ಮಾಡಿಸೋಣ ಅಂತ ಈಗ ಕಾಯ್ಬೇಕಾಗಿಲ್ಲ. ಬಲಿತಷ್ಟೂ ಲೆನ್ಸ್ ಗಟ್ಟಿ ಆಗುತ್ತೆ, ಒಡೆಯೋಕೆ ಜಾಸ್ತಿ ಶಕ್ತಿ ಬೇಕು, ಕಣ್ಣಿಗೂ ಜಾಸ್ತಿ ಪೆಟ್ಟು. ಹಳ್ಳಿಗಳಲ್ಲಿ ಇವತ್ತಿಗೂ ಬಲೀಲಿ ಅಂತ ವರ್ಷಗಟ್ಲೆ ಕಾಯೋರಿದ್ದಾರೆ.

---

ವೇದಾವತಿ_ದಡ ಉತ್ತರ:

ಎಲ್ರಿಗೂ ತುಂಬಾ ತುಂಬಾ ಧನ್ಯವಾದ, ಇಷ್ಟು ಸಿಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಸಂಘದ ಹುಡುಗ್ರಿಗೆಲ್ಲ ಓದಿ ಹೇಳ್ದೆ. ಆರು ಫ್ರೇಮ್ ಹೀಗೆ ಅಂತ ಆಗಿದೆ, ಸುಶ್ರುತ, ರಿಡ್ಲಿ, ಮೋದಿ, ಕೆಲ್ಮನ್, ವೆಂಕಟಸ್ವಾಮಿ, ಶ್ರೀನಿವಾಸನ್. ಶ್ರೀನಿವಾಸನ್ ಫ್ರೇಮ್‌ನಲ್ಲೇ ವಿನ್, ಬ್ಲಮ್ ಹೆಸರು, ಆ ತಾಯಿ ಬಗ್ಗೆ ಸಾಲು, ಪಕ್ಕದಲ್ಲಿ ಕೂದಲ ಫೋಟೋ. ಮೋದಿಯವ್ರಿಗೆ ಘಟಪ್ರಭಾ ಅಣ್ಣ ಕೇಳಿದ ಹಾಗೆ ಎಂಟು ಸಾಲು, ಮೇಡಂ ಹೇಳಿದ ಕ್ರಮದಲ್ಲೇ. ಕರಡು ಹೀಗಿದೆ ನೋಡಿ:

"ಡಾ. ಎಂ.ಸಿ. ಮೋದಿ, 1916–2005. ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ಕಣ್ಣಾಸ್ಪತ್ರೆ ದೊಡ್ಡ ಊರುಗಳಲ್ಲಿ ಮಾತ್ರ ಇದ್ದ ಕಾಲದಲ್ಲಿ ತಮ್ಮ ತಂಡದೊಡನೆ ಹಳ್ಳಿಹಳ್ಳಿಗೆ ಹೋಗಿ ಉಚಿತವಾಗಿ ಪೊರೆ ತೆಗೆದರು. ಮೂಲೆ ಹಿಡಿದಿದ್ದ ಲಕ್ಷಾಂತರ ಹಿರಿಯರು ಮತ್ತೆ ಹೊಲಕ್ಕೆ ಹೋದರು. ಇವರ ಕೈಯಿಂದ ಆದ ಶಸ್ತ್ರಚಿಕಿತ್ಸೆಗಳು 6 ಲಕ್ಷಕ್ಕೂ ಹೆಚ್ಚು. ಒಂದೇ ದಿನ 833 ಮಾಡಿದ್ದು ಗಿನ್ನೆಸ್ ದಾಖಲೆ. ಪದ್ಮಶ್ರೀ 1956, ಪದ್ಮಭೂಷಣ 1968. ಈಗ ಶಿಬಿರಗಳಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲೇ."

ಪ್ರಿಂಟಿಗೆ ಕೊಡೋಕೆ ಮುಂಚೆ ತಿದ್ದುಪಡಿ ಏನಾದ್ರೂ ಇದ್ರೆ ಹೇಳಿ. ಅಕ್ಷರದ ಸೈಜು ಎಷ್ಟಿರ್ಬೇಕು ಅಂತಾನೂ.

---

ಘಟಪ್ರಭಾ_ನೀರು ಉತ್ತರ:

ಕಣ್ಣಾಗ ನೀರ ಬಂತ್ರಿ ಓದಿ. ಒಂದ್ ಅಕ್ಷರ ಬದಲಿ ಮಾಡೂದ್ ಬ್ಯಾಡ. ಇದರ ಫೋಟೋ ಹಾಕ್ರಿ, ನಾವೂ ಬೀಳಗಿ ಲೈಬ್ರರಿಗೆ ಒಂದು ಮಾಡಿಸ್ತೀವಿ.

---

ನೇತ್ರ_ಸಹಾಯಕಿ ಉತ್ತರ:

ಬರಹ ಚೆನ್ನಾಗಿದೆ. ಸೈಜ್ ಬಗ್ಗೆ: ಓದೋರಲ್ಲಿ ಅರ್ಧ ಜನಕ್ಕೆ ಪೊರೆ ಇರುತ್ತೆ ಅನ್ನೋದು ನೆನಪಿರ್ಲಿ, ಹೆಸರಿನ ಅಕ್ಷರ ಎರಡು ಇಂಚು ಎತ್ತರ, ಕೆಳಗಿನ ಸಾಲುಗಳು ಕಮ್ಮಿ ಅಂದ್ರೂ ಅರ್ಧ ಇಂಚು. ಕೆನೆ ಬಣ್ಣದ ಮೇಲೆ ಕಪ್ಪು ಅಕ್ಷರ, ಬಣ್ಣಬಣ್ಣದ ಹಿನ್ನೆಲೆ ಬೇಡ. ಗ್ಲಾಸ್ ಫ್ರೇಮ್ ಹಾಕಿಸ್ಬೇಡಿ, ಪೊರೆ ಇರೋರಿಗೆ ಬೆಳಕು ಪ್ರತಿಫಲಿಸಿದ್ರೆ ಕಣ್ಣು ಕೋರೈಸಿ ಏನೂ ಕಾಣೋದಿಲ್ಲ, ಮ್ಯಾಟ್ ಲ್ಯಾಮಿನೇಷನ್ ಕೇಳಿ. ಕಿಟಕಿ ಎದುರಿನ ಗೋಡೆ ಆಗಿದ್ರೆ ಮಧ್ಯಾಹ್ನ ಒಂದ್ಸಲ ಅಲ್ಲಿ ಬೆಂಚ್ ಮೇಲೆ ಕೂತು ನೋಡಿ, ಆಮೇಲೆ ಮೊಳೆ ಹೊಡೀರಿ. ಕೂತವ್ರು ಕತ್ತು ಎತ್ತದೆ ಓದೋ ಎತ್ತರದಲ್ಲಿ ಇರ್ಲಿ.